ಹಳೆ ಸ್ಕಾರ್ಪಿಯೊ, ಹೊಸ ಕುದುರೆಗಳು

ಮಹೀಂದ್ರಾದ ಎಂಹಾಕ್ ಡೀಸೆಲ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಎಲ್ಲ ಸೇರಿ 2179 ಸಿಸಿ. ಸ್ಕಾರ್ಪಿಯೊದಲ್ಲಿ ಇದ್ದಾಗ ಅದರಿಂದ 120 ಎಚ್‌ಪಿ ಬರುತ್ತಿತ್ತು. 2011ರಲ್ಲಿ ಎಕ್ಸ್‌ಯುವಿ 500 ಬಂತು. ಅಷ್ಟೇ ಸಿಸಿಯಿಂದ 140 ಎಚ್‌ಪಿ ಹೊರಟಿತು. 2018ರಲ್ಲಿ ಅದೇ ಗಾಡಿಯ ಹೊಸ ಆವೃತ್ತಿ 155ಕ್ಕೆ ಏರಿತು. ಗಾತ್ರ ಒಂದು ಸಿಸಿಯೂ ಹಿಗ್ಗಲಿಲ್ಲ, ಕುದುರೆಗಳು ಮಾತ್ರ ಮೂವತ್ತೈದು ಹೆಚ್ಚಾದವು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಗ್ಯಾರೇಜುಗಳಲ್ಲಿ ಸೆಕೆಂಡ್ ಹ್ಯಾಂಡ್ ಸ್ಕಾರ್ಪಿಯೊದ ಬಾನೆಟ್ ಎತ್ತಿ ನಿಂತವರ ನಡುವೆ ಬರುವ ವಾದ ಇದೇ ಲೆಕ್ಕದ ಮೇಲೆ ನಿಂತಿದೆ. “ಸಿಸಿ ಒಂದ, ಬ್ಲಾಕ್ ಒಂದ. ಅವ್ರಿಗೆ 155 ಬರ್ತೈತಿ ಅಂದ್ರ ನಮ್ಮ ಗಾಡಿಗ್ಯಾಕ ಬರಂಗಿಲ್ರೀ? ಒಂದು ಚಿಪ್ ಹಾಕಿಸಿದ್ರ ಆತಲ್ಲ.” ಸಾಲಗುಂದದಂಥ ಊರಿನ ಯುವಕ ಹೀಗೆ ಕೇಳಿದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಒಂದೇ ಗಾತ್ರದ ಎಂಜಿನ್ನಿನೊಳಗೆ ಆ 35 ಎಚ್‌ಪಿ ಎಲ್ಲಿ ಅಡಗಿತ್ತು, ಅದನ್ನು ಕಂಪನಿ ಯಾಕೆ ಹಿಡಿದಿಟ್ಟುಕೊಂಡಿತ್ತು ಎಂಬುದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ಡೀಸೆಲ್ ತಾನೇ ತಾನಾಗಿ ಶಕ್ತಿ ಕೊಡುವುದಿಲ್ಲ. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಗ್ರಾಂ ಗಾಳಿ ಬೇಕು. ಆದರೆ ಸಿಲಿಂಡರಿನೊಳಗೆ ಸಿಂಪಡಿಸಿದ ಡೀಸೆಲ್ ಗಾಳಿಯ ಜೊತೆ ಬೆರೆಯಲು ಸಿಗುವ ಸಮಯ ಒಂದೆರಡು ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಎಲ್ಲ ಹನಿಗೂ ಗಾಳಿ ಸಿಗಬೇಕೆಂದರೆ 18, 19 ಗ್ರಾಂ ಆದರೂ ಇರಬೇಕು. ಕಡಿಮೆಯಾದರೆ ಉರಿಯದೆ ಉಳಿದ ಇಂಗಾಲ ಕಪ್ಪು ಹೊಗೆಯಾಗಿ ಸೈಲೆನ್ಸರಿನಿಂದ ಬರುತ್ತದೆ.

ಈಗ ಸ್ಕಾರ್ಪಿಯೊದ ಲೆಕ್ಕ ಹಾಕೋಣ. ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 65 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳಬಲ್ಲದು. ಟರ್ಬೊ ಅದನ್ನು ಹೊರಗಿನ ಒತ್ತಡದ ಎರಡು ಪಟ್ಟಿಗೂ ಸ್ವಲ್ಪ ಮೇಲೆ, 2.2 ಪಟ್ಟಿನಷ್ಟು, ಒತ್ತಿ ತುಂಬಿದರೆ ಸೆಕೆಂಡಿಗೆ ಸುಮಾರು 125 ಗ್ರಾಂ ಗಾಳಿ ಒಳಗೆ ಹೋಗುತ್ತದೆ. 120 ಎಚ್‌ಪಿ ಬರಲು ಸೆಕೆಂಡಿಗೆ 6 ಗ್ರಾಂ ಡೀಸೆಲ್ ಸಾಕು. ಗ್ರಾಮಿಗೆ 21 ಗ್ರಾಂ ಗಾಳಿ ಬಂತು. ಉರಿ ಸ್ವಚ್ಛ, ಹೊಗೆ ಇಲ್ಲ. 155 ಎಚ್‌ಪಿ ಬೇಕೆಂದರೆ ಡೀಸೆಲ್ 7.5 ಗ್ರಾಂ ದಾಟುತ್ತದೆ. ಗಾಳಿ ಅಷ್ಟೇ ಇದ್ದರೆ ಗ್ರಾಮಿಗೆ ಸಿಗುವುದು 16 ಚಿಲ್ಲರೆ. ಹೊಗೆ ಶುರುವಾಗುವುದು ಇಲ್ಲೇ. ಅಂದರೆ ಡೀಸೆಲ್ ಹೆಚ್ಚಿಸುವ ಮೊದಲು ಗಾಳಿ ಹೆಚ್ಚಿಸಬೇಕು, ಒತ್ತಡವನ್ನು 2.5 ಪಟ್ಟಿಗಾದರೂ ಏರಿಸಬೇಕು. ಎಚ್‌ಪಿ ಎಂಬುದು ಮೊದಲು ಗಾಳಿಯ ವ್ಯವಹಾರ.

ಎಂಜಿನ್ ಉಗುಳುವ ಬಿಸಿ ಹೊಗೆಯಿಂದಲೇ ಒಂದು ಫ್ಯಾನ್ ತಿರುಗಿಸಿ, ಅದೇ ಕಡ್ಡಿಯ ಇನ್ನೊಂದು ತುದಿಯ ಫ್ಯಾನಿನಿಂದ ಎಂಜಿನ್ನಿಗೆ ಗಾಳಿ ತುಂಬಬಹುದೆಂದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದ. ಇವತ್ತಿನ ಟರ್ಬೊ ಅದೇ. ಹಿಡಿಯಷ್ಟು ದೊಡ್ಡ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದೆ. ಆ ವೇಗದಲ್ಲಿ ಕಡ್ಡಿ ಬೇರಿಂಗಿಗೆ ತಾಗುವುದಿಲ್ಲ, ಕೂದಲೆಳೆಗಿಂತ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಆಯಿಲ್ ಹಳತಾಯಿತೋ ಹೊಲಸಾಯಿತೋ, ಮೊದಲು ಹೋಗುವುದು ಈ ಪದರ.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸಾಲಗುಂದದ ಮೇ ತಿಂಗಳು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೊರಗೆ 43 ಡಿಗ್ರಿ ಇದ್ದಾಗ 2.2 ಪಟ್ಟು ಒತ್ತಿದ ಗಾಳಿ ಟರ್ಬೊದಿಂದ ಹೊರಬರುವುದು ಸುಮಾರು 155 ಡಿಗ್ರಿಯಲ್ಲಿ. ಒತ್ತಡವನ್ನು 2.5 ಪಟ್ಟಿಗೆ ಏರಿಸಿದರೆ 180ರ ಹತ್ತಿರ. ಬಿಸಿ ಗಾಳಿ ಹಿಗ್ಗಿರುತ್ತದೆ, ಅಷ್ಟೇ ಜಾಗದಲ್ಲಿ ಅದರ ತೂಕ ಕಡಿಮೆ. ಒತ್ತಿ ಗಳಿಸಿದ್ದರಲ್ಲಿ ಒಂದು ಪಾಲು ಬಿಸಿಗೆ ಕಳೆದುಹೋಗುತ್ತದೆ. ಅದಕ್ಕಾಗಿಯೇ ಟರ್ಬೊ ಮತ್ತು ಎಂಜಿನ್ನಿನ ನಡುವೆ ಇಂಟರ್‌ಕೂಲರ್ ಇರುವುದು. ಹೊರಗಿನ ಗಾಳಿ ಅದರ ರೆಕ್ಕೆಗಳ ನಡುವೆ ಹಾದು ಒಳಗಿನ ಗಾಳಿಯನ್ನು 60, 70 ಡಿಗ್ರಿಗೆ ಇಳಿಸುತ್ತದೆ. ಹೊರಗಿನ ಗಾಳಿಯೇ 43 ಇದ್ದರೆ ಅದಕ್ಕಿಂತ ತಣ್ಣಗೆ ಮಾಡಲು ಯಾವ ಇಂಟರ್‌ಕೂಲರಿಗೂ ಆಗದು. ಇನ್ನು 25 ಡಿಗ್ರಿಯ ಮುಂಜಾವಿಗೆ ಹೋಲಿಸಿದರೆ 43 ಡಿಗ್ರಿಯ ಮಧ್ಯಾಹ್ನದ ಗಾಳಿ ಮೂಲದಲ್ಲೇ ಶೇ 6ರಷ್ಟು ತೆಳ್ಳಗಿರುತ್ತದೆ. ಟರ್ಬೊ ಅದನ್ನು ತುಂಬಿಕೊಡಲು ಇನ್ನಷ್ಟು ಜೋರಾಗಿ ತಿರುಗಬೇಕು.

ಡೀಸೆಲ್ ಹೆಚ್ಚು ಕೊಟ್ಟರೆ ಜೋರು ಬರುತ್ತದೆ ಎಂಬುದು ಈ ಸೀಮೆಗೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಎರೆ ಭೂಮಿಯಲ್ಲಿ ಭತ್ತ ಬಂತು, ಕೆಸರು ಗದ್ದೆ ಬಂತು, ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿನ ಡೀಸೆಲ್ ಪಂಪಿನಲ್ಲಿ ಒಂದು ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಪ್ರತಿ ಹೊಡೆತಕ್ಕೆ ಹೋಗುವ ಡೀಸೆಲ್ ಹೆಚ್ಚುತ್ತದೆ ಎಂದು ಪಂಪ್ ಕೆಲಸ ಬಲ್ಲ ಎಲ್ಲ ಮಿಸ್ತ್ರಿಗಳಿಗೂ ಗೊತ್ತು. ಗದ್ದೆಯಲ್ಲಿ ಕೇಜ್‌ವೀಲ್ ಹಾಕಿ ಕೆಸರು ತುಳಿಸುವಾಗ ಕಪ್ಪು ಹೊಗೆಯ ಕಂಬ ಎಬ್ಬಿಸುವ ಟ್ರ್ಯಾಕ್ಟರಿನ ಸ್ಕ್ರೂ ಎಲ್ಲಿಗೆ ತಿರುಗಿದೆ ಎಂದು ಯಾರೂ ಹೇಳಬೇಕಿಲ್ಲ.

2002ರಲ್ಲಿ ಸ್ಕಾರ್ಪಿಯೊ ಮೊದಲು ಬಂದಾಗ ಅದರ 2.6 ಲೀಟರ್ ಎಂಜಿನ್ ಕೂಡ ಇಂಥ ಯಾಂತ್ರಿಕ ಪಂಪಿನದೇ. ಆಮೇಲೆ ಕಾಮನ್ ರೈಲ್ ಬಂತು. ಈಗ ಒಂದು ಪಂಪು ಡೀಸೆಲನ್ನು ವಾತಾವರಣದ 1600 ಪಟ್ಟಿನಷ್ಟು ಒತ್ತಡದಲ್ಲಿ ಒಂದು ದಪ್ಪ ನಳಿಗೆಯಲ್ಲಿ ತುಂಬಿಟ್ಟಿರುತ್ತದೆ. ಪ್ರತಿ ಸಿಲಿಂಡರಿನ ಇಂಜೆಕ್ಟರ್ ಯಾವಾಗ, ಎಷ್ಟು ಹೊತ್ತು ತೆರೆಯಬೇಕೆಂದು ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ ನಿರ್ಧರಿಸುತ್ತದೆ. ಪೂರ್ತಿ ಜೋರಿನಲ್ಲೂ ಒಂದು ಹೊಡೆತಕ್ಕೆ ಹೋಗುವುದು 50 ಮಿಲಿಗ್ರಾಂ ಆಸುಪಾಸು. ಪೆಟ್ಟಿಗೆಯೊಳಗೆ ದೊಡ್ಡ ಕೋಷ್ಟಕಗಳಿವೆ: ಇಷ್ಟು ಸುತ್ತು, ಇಷ್ಟು ಪೆಡಲ್, ಇಷ್ಟು ಗಾಳಿ ಇದ್ದರೆ ಇಷ್ಟು ಡೀಸೆಲ್, ಇಷ್ಟು ಟರ್ಬೊ ಒತ್ತಡ ಎಂದು. ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಈ ಕೋಷ್ಟಕಗಳನ್ನು ತಿದ್ದುವುದೇ ರೀಮ್ಯಾಪ್.

ಟ್ಯೂನಿಂಗ್ ಬಾಕ್ಸ್ ಬೇರೆ. ಜನ ಎರಡನ್ನೂ ಚಿಪ್ ಎಂದೇ ಕರೆಯುತ್ತಾರೆ, ಆದರೆ ಈ ವ್ಯತ್ಯಾಸ ಖರ್ಚು ಮಾಡುವ ಮೊದಲು ತಿಳಿದಿರಬೇಕು. ಬಾಕ್ಸ್ ಕೋಷ್ಟಕವನ್ನು ಮುಟ್ಟುವುದಿಲ್ಲ. ನಳಿಗೆಯ ಒತ್ತಡ ಅಳೆಯುವ ಸೆನ್ಸರ್ ಮತ್ತು ಇಸಿಯು ನಡುವೆ ಕೂತು, ಒತ್ತಡ ಇದ್ದದ್ದಕ್ಕಿಂತ ಕಡಿಮೆ ಎಂದು ಸುಳ್ಳು ವರದಿ ಕೊಡುತ್ತದೆ. ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ, ಅಷ್ಟೇ ಹೊತ್ತಿನಲ್ಲಿ ಹೆಚ್ಚು ಡೀಸೆಲ್ ಸುರಿಯುತ್ತದೆ. ಅಗ್ಗದ ಬಾಕ್ಸುಗಳಲ್ಲಿ ಗಾಳಿ ಹೆಚ್ಚಿಸುವ ವ್ಯವಸ್ಥೆಯೇ ಇರುವುದಿಲ್ಲ. ಟ್ರ್ಯಾಕ್ಟರಿನ ಸ್ಕ್ರೂ ತಿರುಗಿಸುವುದಕ್ಕೂ ಇದಕ್ಕೂ ಇರುವ ಅಂತರ ಬಹಳ ಕಡಿಮೆ. ಎಂಜಿನ್ನಿನ ರಕ್ಷಣೆಗೆಂದೇ ಇರುವ ಕಂಪ್ಯೂಟರಿಗೆ ಸುಳ್ಳು ಹೇಳುವ ಉಪಕರಣವನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಹಾಗಿದ್ದರೆ ಕಂಪನಿಗಳು ಶಕ್ತಿ ಏರಿಸಿದ್ದು ಹೇಗೆ? 155 ಎಚ್‌ಪಿಯ ಎಕ್ಸ್‌ಯುವಿಗೆ ಮಹೀಂದ್ರಾ ವಿದ್ಯುತ್ತಿನಿಂದ ನಿಯಂತ್ರಿಸುವ ಹೊಸ ಟರ್ಬೊ ಕೊಟ್ಟಿತು. ಬಿಡದಿಯಲ್ಲಿ ತಯಾರಾಗುವ ಟೊಯೋಟ ಫಾರ್ಚೂನರ್ ಕಥೆ ಇನ್ನೂ ಸ್ಪಷ್ಟ. 2016ರಲ್ಲಿ ಬಂದ ಎರಡನೇ ತಲೆಮಾರಿನ ಗಾಡಿಯ 2755 ಸಿಸಿ ಎಂಜಿನ್ 177 ಎಚ್‌ಪಿ ಕೊಡುತ್ತಿತ್ತು, 2021ರಲ್ಲಿ ಅಷ್ಟೇ ಸಿಸಿಯಿಂದ 204 ಬಂತು. ಅದಕ್ಕೆ ಹೊಸ, ದೊಡ್ಡ ಟರ್ಬೊ ಬೇಕಾಯಿತು. ತಿರುಗುಬಲ, ಅಂದರೆ ಟಾರ್ಕ್, ಆಟೊಮ್ಯಾಟಿಕ್ ಗೇರಿನ ಗಾಡಿಯಲ್ಲಿ 450ರಿಂದ 500 ನ್ಯೂಟನ್ ಮೀಟರಿಗೆ ಏರಿತು. ಮ್ಯಾನುಯಲ್ ಗೇರಿನದ್ದು ಮೊದಲಿನ 420ರಲ್ಲೇ ನಿಂತಿತು. ಎಂಜಿನ್ ಒಂದೇ, ಆದರೂ ಮ್ಯಾನುಯಲ್ ಗಾಡಿಗೆ ಆ 80 ನ್ಯೂಟನ್ ಮೀಟರ್ ಕೊಡಲಿಲ್ಲ. ನನಗೆ ಇದರಲ್ಲಿ ಕಾಣುವುದು ಕ್ಲಚ್ ಮತ್ತು ಗೇರ್‌ಬಾಕ್ಸಿನ ಮಿತಿಗೆ ಎಂಜಿನಿಯರುಗಳು ಕೊಟ್ಟ ಮರ್ಯಾದೆ. ಲ್ಯಾಪ್‌ಟಾಪಿನಲ್ಲಿ ಆ ಅಂಕಿ ತಿದ್ದುವುದು ಅವರಿಗೆ ಯಾರಿಗಿಂತಲೂ ಸುಲಭವಿತ್ತು.

ರೀಮ್ಯಾಪ್ ಮಾಡುವವರು ಹೇಳುವ ಮಾತು ಸುಳ್ಳಲ್ಲ: ಕಂಪನಿ ಎಂಜಿನ್ನಿನಲ್ಲಿ ಒಂದಷ್ಟು ಉಳಿಕೆ ಇಟ್ಟಿರುತ್ತದೆ. ಆ ಉಳಿಕೆ ಯಾರಿಗಾಗಿ ಎಂಬುದನ್ನು ಅವರು ಹೇಳುವುದಿಲ್ಲ. ಒಂದೇ ಗಾಡಿ ಲಡಾಖಿನ ತೆಳು ಗಾಳಿಯಲ್ಲೂ ಓಡಬೇಕು, ರಾಜಸ್ಥಾನದ ಮರಳಿನಲ್ಲೂ ಓಡಬೇಕು, ಸರಿಯಿಲ್ಲದ ಬಂಕಿನ ಡೀಸೆಲ್ ಕುಡಿದೂ ಓಡಬೇಕು. ಆಯಿಲ್ ಬದಲಿಸುವುದನ್ನು ಮರೆತ ಮಾಲೀಕನ ಕೈಯಲ್ಲೂ ಬದುಕಬೇಕು. 43 ಡಿಗ್ರಿಯಲ್ಲಿ ಏಸಿ ಹಾಕಿಕೊಂಡು, ಎಂಟು ಮಂದಿ ಕೂತು, ಕಾಲುವೆ ರಸ್ತೆಯ ದೂಳಿನಲ್ಲಿ ಓಡುವ ಸಾಲಗುಂದದ ಗಾಡಿ ಆ ಉಳಿಕೆಯ ಬಹುಪಾಲನ್ನು ದಿನವೂ ಬಳಸಿಕೊಳ್ಳುತ್ತಿದೆ. ತಂಪಾದ, ದೂಳಿಲ್ಲದ ಊರಿನ ಗಾಡಿಗೆ ಮಿಗುವುದು ಇಲ್ಲಿನ ಗಾಡಿಗೆ ಮಿಗುವುದಿಲ್ಲ.

ದೂಳಿನ ಮಾತು ಬಂದಾಗ ಭತ್ತದ ಮಾತೂ ಬರಬೇಕು. ಭತ್ತದ ಹೊಟ್ಟಿನಲ್ಲಿ ತೂಕದ ಶೇ 15ರಿಂದ 20ರಷ್ಟು ಸಿಲಿಕಾ ಇರುತ್ತದೆ. ಕಟಾವಿನ ಕಾಲದಲ್ಲಿ, ರೈಸ್ ಮಿಲ್ಲುಗಳ ಬದಿಯ ರಸ್ತೆಗಳಲ್ಲಿ, ಹೊಟ್ಟಿನ ನವಿರು ಚೂರು ಗಾಳಿಯಲ್ಲೇ ತೇಲುತ್ತಿರುತ್ತದೆ. ಈ ಭಾಗದಲ್ಲಿ ಎರಡು ಬೆಳೆ ಕಂಡ ಒಂದು ಸ್ಕಾರ್ಪಿಯೊದ ಇಂಟರ್‌ಕೂಲರ್ ಬಿಚ್ಚಿ ನೋಡಿದರೆ ರೆಕ್ಕೆಗಳ ಸಂದಿಯಲ್ಲಿ ಹೊಟ್ಟು, ಹುಳದ ರೆಕ್ಕೆ, ಎರೆ ಮಣ್ಣು ಆಯಿಲ್ ಜಿಡ್ಡಿಗೆ ಅಂಟಿ ಕಂಬಳಿಯಾಗಿ ಕೂತಿರುತ್ತದೆ. ಬೆರಳಿನಿಂದ ಕೆರೆದರೆ ಚಕ್ಕೆ ಏಳುತ್ತದೆ. ಟಾರ್ಚ್ ಹಿಂದೆ ಹಿಡಿದರೆ ಬೆಳಕು ಈ ಕಡೆ ಬರುವುದಿಲ್ಲ. ಬೆಳಕು ದಾಟದ ಕಡೆ ಗಾಳಿ ದಾಟೀತೇ? ಏಸಿ ಕಂಡೆನ್ಸರ್, ರೇಡಿಯೇಟರ್ ಕೂಡ ಹಾಗೆಯೇ ಉಸಿರುಕಟ್ಟಿ ಕೂತಿರುತ್ತವೆ. ಇಂಥ ಗಾಡಿಗೆ ಪಿಕಪ್ ಇಲ್ಲ ಎಂದು ಚಿಪ್ ಹಾಕಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಳೆದುಹೋದ ಕುದುರೆಗಳು ಅಲ್ಲೇ ಮಣ್ಣಿನಡಿ ಇವೆ.

ಈ ಕಳೆದುಹೋದ ಶಕ್ತಿಯ ಲೆಕ್ಕ ಕೊಳ್ಳುವ ದಿನವೇ ಶುರುವಾಗಬೇಕು. ದೆಹಲಿ ಸೀಮೆಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿನ ದೊಡ್ಡ ಡೀಸೆಲ್ ಗಾಡಿಗಳು ಎನ್‌ಒಸಿ ಸಮೇತ ದಕ್ಷಿಣಕ್ಕೆ ಇಳಿದವು. ಬೆಲೆ ಕಡಿಮೆ ಕಾಣುತ್ತದೆ ನಿಜ. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ, ಕೆಎ 36 ನಂಬರ್ ಬೀಳುವಷ್ಟರಲ್ಲಿ ಎಷ್ಟಾಗುತ್ತದೆಂದು ಕೂಡಿಸಿ ನೋಡಬೇಕು. ಫೈನಾನ್ಸ್ ಕ್ಲಿಯರ್ ಆಗಿದೆಯೇ, ಆರ್‌ಸಿಯಲ್ಲಿನ ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಹೊಂದುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಬೇಕು. ಕಾಗದದ ಮಾತು ಇಷ್ಟು ಸಾಕು.

ಎಂಜಿನ್ನನ್ನು ನೋಡಬೇಕಾದದ್ದು ರಾತ್ರಿಯಿಡೀ ನಿಂತು ತಣ್ಣಗಾದ ಮೇಲೆ, ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ. ಮಾರುವವರು ಗಾಡಿಯನ್ನು ಬಿಸಿ ಮಾಡಿಯೇ ಇಟ್ಟಿದ್ದರೆ ಮರುದಿನ ಬರುತ್ತೇನೆ ಎಂದು ಎದ್ದು ಬನ್ನಿ. ತಣ್ಣನೆಯ ಎಂಜಿನ್ ಒಂದೆರಡು ಸುತ್ತಿಗೇ ಹತ್ತಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಹದಿನಾರು ಪಟ್ಟಿಗೂ ಮೇಲೆ ಒತ್ತಿದಾಗ ಹುಟ್ಟುವ ಬಿಸಿಯೇ ಬೆಂಕಿ ಹಚ್ಚುತ್ತದೆ. ಪಿಸ್ಟನ್ ರಿಂಗು, ಬೋರು ಸವೆದು ಒತ್ತಡ ಸೋರಿದರೆ ಆ ಬಿಸಿ ಸಾಲದೆ ಎಂಜಿನ್ ತಡಬಡಾಯಿಸುತ್ತದೆ, ಬಿಳಿ ಹೊಗೆ ಬಿಡುತ್ತದೆ. ಸೋರಿದ ಗಾಳಿ ಎಲ್ಲಿಗೆ ಹೋಗುತ್ತದೆಂದು ನೋಡಲು ಎಂಜಿನ್ ಬಿಸಿಯಾದ ಮೇಲೆ ಆಯಿಲ್ ತುಂಬುವ ಮುಚ್ಚಳ ತಿರುಗಿಸಿ, ತೆಗೆಯದೆ ಹಾಗೇ ಮೇಲೆ ಇಡಿ. ಒಳ್ಳೆಯ ಎಂಜಿನ್ನಿನಲ್ಲಿ ಮುಚ್ಚಳ ಸಣ್ಣಗೆ ನಡುಗುತ್ತ ಕೂತಿರುತ್ತದೆ. ಸವೆದದ್ದರಲ್ಲಿ ಕುಣಿಯುತ್ತದೆ, ಎತ್ತಿದರೆ ಪಿಚಕಾರಿಯ ಹಾಗೆ ಹೊಗೆ ಹೊರನುಗ್ಗುತ್ತದೆ. ಗ್ಯಾರೇಜಿನವರು ಇದನ್ನು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಬ್ಯಾಕ್ ಕಂಪ್ರೆಷನ್ ಇರುವ ಎಂಜಿನ್ನಿನ ಮೇಲೆ ಇನ್ನೂ ಒತ್ತಡ ಹೇರಿದರೆ ಸೋರಿಕೆ ಹೆಚ್ಚುವುದೇ ಹೊರತು ಶಕ್ತಿ ಹೆಚ್ಚುವುದಿಲ್ಲ.

ಮುಂದೆ ಟರ್ಬೊ. ಎಂಜಿನ್ ನಿಂತು ಆರಿದ ಮೇಲೆ ಗಾಳಿ ಬರುವ ಕಡೆಯ ಹೋಸ್ ಬಿಚ್ಚಿ, ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲಷ್ಟು ಆಡಬಹುದು. ಹಿಂದಕ್ಕೆ ಮುಂದಕ್ಕೆ ಆಡಿತೆಂದರೆ ಬೇರಿಂಗ್ ಹೋಗಿದೆ. ಚಕ್ರದ ರೆಕ್ಕೆಗಳ ಅಂಚು ಚೂಪಾಗಿರಬೇಕು. ಅಂಚು ಸವೆದು ದುಂಡಗಾಗಿದ್ದರೆ ಆ ಗಾಡಿ ದೂಳು ಕುಡಿದಿದೆ ಎಂದು ಅರ್ಥ. ಎಂಜಿನ್ನಿನೊಳಗೂ ಅದೇ ಮರಳು ಹೋಗಿರುತ್ತದೆ, ಮಣ್ಣಿನಲ್ಲಿರುವ ಕ್ವಾರ್ಟ್ಜ್ ಬೋರಿನ ಬೀಡಿಗಿಂತ ಗಟ್ಟಿ. ಇದೇ ಕಾರಣಕ್ಕೆ, ಗಾಳಿ ಸಲೀಸಾಗಿ ಬಿಡುತ್ತದೆಂದು ಮಾರುವ ಬಣ್ಣದ ಕೋನ್ ಫಿಲ್ಟರನ್ನು ಈ ಸೀಮೆಯಲ್ಲಿ ಹಾಕಿಸಬಾರದು. ಗಾಳಿ ಸಲೀಸಾಗಿ ಹೋದ ಕಡೆ ದೂಳೂ ಸಲೀಸಾಗಿ ಹೋಗುತ್ತದೆ.

ಇಷ್ಟು ಸರಿಯಿದ್ದು ರೀಮ್ಯಾಪ್ ಮಾಡಿಸಿದರೆ ಏನಾಗುತ್ತದೆ? ಡೀಸೆಲಿನ ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಚಿಲ್ಲರೆ ಮಾತ್ರ ಚಕ್ರದ ಕಡೆ ಹೋಗುತ್ತದೆ, ಉಳಿದದ್ದು ಬಿಸಿ. 120ರಿಂದ 155ಕ್ಕೆ ಏರಿಸಿದಾಗ ಪೂರ್ತಿ ಜೋರಿನಲ್ಲಿ ಹೆಚ್ಚುವರಿಯಾಗಿ ಹೊರಹೋಗಬೇಕಾದ ಬಿಸಿ ಸುಮಾರು 46 ಕಿಲೋವ್ಯಾಟ್. ಬಕೆಟ್ಟಿನಲ್ಲಿ ಸ್ನಾನದ ನೀರು ಕಾಯಿಸುವ ಮೂವತ್ತು ಕಾಯಿಲ್‌ಗಳನ್ನು ಬಾನೆಟ್ಟಿನಡಿ ಒಟ್ಟಿಗೆ ಉರಿಸಿದಷ್ಟು. ಇದರಲ್ಲಿ ಅರ್ಧದ ಹತ್ತಿರ ಟರ್ಬೊ ಹಾದು ಸೈಲೆನ್ಸರಿಗೆ, ಉಳಿದದ್ದು ಕೂಲಂಟ್, ಆಯಿಲ್, ಇಂಟರ್‌ಕೂಲರಿಗೆ. ಸಿಲಿಂಡರಿನೊಳಗಿನ ಉರಿ ಕ್ಷಣಕಾಲ 2000 ಡಿಗ್ರಿ ದಾಟುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660ಕ್ಕೆ, ಪಿಸ್ಟನ್ನಿನ ಅಲ್ಯೂಮಿನಿಯಂ ಮಿಶ್ರಲೋಹ ಇನ್ನೂ ಮೊದಲೇ, ಬಲ ಕಳೆದುಕೊಳ್ಳುವುದು ಅದಕ್ಕೂ ಎಷ್ಟೋ ಮೊದಲೇ. ಕೆಳಗಿನಿಂದ ಚಿಮ್ಮುವ ಆಯಿಲ್ ಅದರ ಬಿಸಿಯನ್ನು ಹೊತ್ತೊಯ್ಯುತ್ತಿರುವುದರಿಂದ ಅದು ಬದುಕಿದೆ.

ಆದರೂ ರೀಮ್ಯಾಪ್ ಆದ ಎಷ್ಟೋ ಗಾಡಿಗಳು ವರ್ಷಗಟ್ಟಲೆ ತೊಂದರೆಯಿಲ್ಲದೆ ಓಡುತ್ತಿವೆ. ಅದಕ್ಕೂ ಕಾರಣವಿದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ಓಡಲು ಸ್ಕಾರ್ಪಿಯೊದಂಥ ಗಾಡಿಗೆ 30, 35 ಎಚ್‌ಪಿ ಸಾಕು. ಪೂರ್ತಿ ಶಕ್ತಿ ಬೇಕಾಗುವುದು ಟ್ರ್ಯಾಲಿಯೊಂದನ್ನು ಹಿಂದಿಕ್ಕುವ ಏಳೆಂಟು ಸೆಕೆಂಡು. ಅಷ್ಟರಲ್ಲಿ ಲೋಹ ಬಿಸಿಯೇರಿ ಮುಗಿಯುವುದಿಲ್ಲ. ಅಪಾಯ ಇರುವುದು ಕಾಲು ಎತ್ತದೆ ಓಡಿಸುವಲ್ಲಿ: ಮೇ ತಿಂಗಳ ಮಧ್ಯಾಹ್ನ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು ಒಂದೇ ಉಸಿರಿಗೆ ಹೊರಟಾಗ, ಇಲ್ಲವೇ ಗಾಡಿ ತುಂಬ ಜನ ಹೇರಿ ಘಟ್ಟ ಹತ್ತಿಸಿದಾಗ. ಚಾಲಕ ಗೌರವ್ ಗಿಲ್ ಜೊತೆ ನ್ಯಾವಿಗೇಟರ್ ಆಗಿ ಕಾಸರಗೋಡಿನ ಮೂಸಾ ಶರೀಫ್ ಕೂತು ರ‍್ಯಾಲಿಗಳನ್ನು ಗೆದ್ದ ಎಕ್ಸ್‌ಯುವಿ ನಿಜಕ್ಕೂ ಕಾಲು ಎತ್ತದೆ ಓಡುವ ಗಾಡಿ. ಆದರೆ ರ‍್ಯಾಲಿ ಗಾಡಿಯ ಹಿಂದೆ ಮೆಕ್ಯಾನಿಕ್‌ಗಳ ತಂಡವೇ ಇರುತ್ತದೆ, ಹಂತ ಹಂತಕ್ಕೂ ಬಿಚ್ಚಿ ನೋಡುತ್ತದೆ.

ಶಕ್ತಿ ಏರಿದ ಗಾಡಿ ನಿಲ್ಲಬೇಕಲ್ಲ. ಜನ ಸಮೇತ ಎರಡು ಟನ್ ತೂಗುವ ಗಾಡಿ 100ರ ಬದಲು 120ರಲ್ಲಿದ್ದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಶೇ 44ರಷ್ಟು ಹೆಚ್ಚು. ಮಸ್ಕಿ ಸಿಂಧನೂರು ನಡುವೆ ರಸ್ತೆಯಂಚಿಗೆ ಭತ್ತ ಒಣಹಾಕಿರುತ್ತಾರೆ, ರಾತ್ರಿ ಹಿಂದೆ ಲೈಟಿಲ್ಲದ ಟ್ರ್ಯಾಲಿ ಬರುತ್ತದೆ. ಟೈರು, ಬ್ರೇಕ್ ಪ್ಯಾಡ್, ಡಿಸ್ಕು, ಹಳೆ ಬ್ರೇಕ್ ಆಯಿಲ್ ಬದಲಿಸದೆ ಎಚ್‌ಪಿಗೆ ಒಂದು ರೂಪಾಯಿ ಖರ್ಚು ಮಾಡುವುದೂ ತಪ್ಪು.

ಕಾನೂನು ಕೂಡ ಹಗುರವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿ ಮಾಲೀಕನಿಗೆ ಪ್ರತಿ ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಇಟ್ಟಿದೆ. ಅಪಘಾತವಾದರೆ ತಿದ್ದಿದ ಎಂಜಿನ್ ವಿಮೆಯವರ ತಗಾದೆಗೆ ದಾರಿ ಮಾಡಿಕೊಡುತ್ತದೆ. 2020ರ ನಂತರದ ಬಿಎಸ್ 6 ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬೇರೆ ಇದೆ. ಡೀಸೆಲ್ ಹೆಚ್ಚಿಸಿದರೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಕಿತ್ತುಹಾಕಿದರೆ ಆ ಮಸಿ ಊರಿನ ಮಕ್ಕಳ ಎದೆಗೆ ಹೋಗುತ್ತದೆ. ಅದನ್ನು ಕೀಳುವ ಕೆಲಸಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹಳೆ ಗಾಡಿ ಕೊಂಡವರು ಮೊದಲು ಮಾಡಬೇಕಾದದ್ದು ಸರಳ. ಇಂಟರ್‌ಕೂಲರ್, ರೇಡಿಯೇಟರ್ ಎರಡನ್ನೂ ಕೆಳಗಿಳಿಸಿ ಹಿಂದಿನಿಂದ ಮುಂದಕ್ಕೆ ನೀರು ಹೊಡೆಸಿ ತೊಳೆಸುವುದು. ಮಾಡಿಸುವವರು ಜೋರಾಗಿ ಹೊಡೆದು ರೆಕ್ಕೆ ಬಗ್ಗಿಸದ ಹಾಗೆ ನಿಂತು ನೋಡಿಕೊಳ್ಳಬೇಕು. ಹೋಸುಗಳಲ್ಲಿ ಬಿರುಕಿದ್ದರೆ ಬದಲಿಸಿ, ಕ್ಲಿಪ್ ಬಿಗಿ ಮಾಡಿಸುವುದು. ಟರ್ಬೊ ಒತ್ತಿದ ಗಾಳಿ ಸೋರುವುದು ಹೆಚ್ಚಾಗಿ ಅಲ್ಲೇ. ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಮತ್ತು ಗಾಳಿ ಒಳಹೋಗುವ ದಾರಿಯಲ್ಲಿ ಡಾಂಬರಿನಂತೆ ಕಟ್ಟಿದ ಕಾರ್ಬನ್ ತೆಗೆಸುವುದು. ಇಂಜೆಕ್ಟರುಗಳನ್ನು ಬೆಂಚಿನ ಮೇಲೆ ಪರೀಕ್ಷೆಗೆ ಕೊಡುವುದು, ಗಾಳಿ, ಡೀಸೆಲ್ ಎರಡರ ಫಿಲ್ಟರನ್ನೂ ಬದಲಿಸುವುದು. ಇಷ್ಟಾದ ಮೇಲೆ ಗಾಡಿಯನ್ನು ತಿಂಗಳೊಪ್ಪತ್ತು ಓಡಿಸಿ ನೋಡಿದವರಿಗೆ ಚಿಪ್ಪಿನ ಆಸೆ ತಾನಾಗಿ ತಗ್ಗುವುದುಂಟು, ಯಾಕೆಂದರೆ ಹೊಸದರಲ್ಲಿದ್ದ 120 ಎಚ್‌ಪಿ ಅವರಿಗೆ ಆಗಷ್ಟೇ ಮೊದಲ ಸಲ ಸಿಕ್ಕಿರುತ್ತದೆ.

ಎಲ್ಲ ತಿಳಿದೂ ಮುಂದುವರಿಯುವವರು ಟರ್ಬೊ ಬಾಯಿಯ ಹತ್ತಿರ ಹೊಗೆಯ ಬಿಸಿ ಅಳೆಯುವ ಮೀಟರೊಂದನ್ನು ಹಚ್ಚಿಸಬೇಕು. ಮುಳ್ಳು 700 ಡಿಗ್ರಿ ದಾಟಿ ಏರುತ್ತಲೇ ಇದ್ದರೆ ಕಾಲು ಸಡಿಲಿಸಬೇಕು. ಜೋರಾಗಿ ಓಡಿಸಿಕೊಂಡು ಬಂದು ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಎಂಜಿನ್ ಹಾಗೇ ನಡೆಯಲಿ, ಆಮೇಲೆ ಕೀ ತಿರುಗಿಸಿ. ತಟ್ಟನೆ ಆಫ್ ಮಾಡಿದರೆ ಆಯಿಲ್ ಪಂಪೂ ನಿಲ್ಲುತ್ತದೆ, ಕೆಂಪಗೆ ಕಾದ ಟರ್ಬೊದೊಳಗೆ ಸಿಕ್ಕ ಆಯಿಲ್ ಸುಟ್ಟು ಬೇರಿಂಗಿನ ಸಂದಿಯಲ್ಲಿ ಕಲ್ಲಾಗುತ್ತದೆ.